ಐದು ಬಾಗಿಲುಗಳ ಮುಂದೆ ಅಮ್ಮ

ಅಪ್ಪಾ,

ಇದನ್ನು ಯಾವ ವಿಳಾಸಕ್ಕೆ ಹಾಕಬೇಕೋ ತಿಳಿಯದು, ಸುಮ್ಮನೆ ಬರೆಯುತ್ತಿದ್ದೇನೆ. ನೀವು ಕೆಲಸಕ್ಕೆಂದು ವಿಮಾನ ಹತ್ತಿದಾಗ ನಾನಿನ್ನೂ ಕಂಕುಳ ಕೂಸು. ಆಮೇಲೆ ನಿಮ್ಮ ಸುದ್ದಿಯೇ ಇಲ್ಲದಿದ್ದರೂ ಅಮ್ಮ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ವಿಮಾನ ನಿಲ್ದಾಣಕ್ಕೆ ಹೋಗಿ, ಬಂದವರು ಹೊರಬೀಳುವ ಒಂದೇ ಬಾಗಿಲಿನ ಎದುರು ಕಂಬಿ ಹಿಡಿದು ನಿಲ್ಲುತ್ತಿದ್ದಳು.

ಈ ವಾರ ಆ ಹಳೆಯ ಕಟ್ಟಡಕ್ಕೆ ಬೀಗ ಬಿತ್ತು. ಹೊಸದು ಒಂದು ಊರಿನಷ್ಟಿದೆ. ಇವತ್ತು ನಾನೂ ಜೊತೆಗೆ ಹೋದೆ.

"ಇಲ್ಲಿ ಐದು ಬಾಗಿಲಿದೆಯಮ್ಮ," ಎಂದ ಕಾವಲುಗಾರ. "ನಿಮ್ಮವರು ಯಾವ ವಿಮಾನದಲ್ಲಿ ಬರ್ತಿದ್ದಾರೆ ಹೇಳಿ, ತೋರಿಸ್ತೀನಿ."

ಅಮ್ಮ ನನ್ನ ಮುಖ ನೋಡಿದಳು.

"ಮನೆಗೆ ಹೋಗೋಣ ಬಾಮ್ಮ," ಎಂದೆ.

"ಅವರು ದಿಕ್ಕು ತಪ್ಪಿದ್ರೆ? ಮೊದಲೇ ಯಾರನ್ನೂ ದಾರಿ ಕೇಳೋರಲ್ಲ. ನೀನು ಆ ತುದೀಲಿ ನಿಲ್ಲು, ನಾನು ಇಲ್ಲಿರ್ತೀನಿ."

ಆ ತುದಿಯ ಬಾಗಿಲಿಗೆ ಹೋಗಿ ನಿಂತೆ. ಬಾಗಿಲು ತೆರೆದಾಗಲೆಲ್ಲ ಗಾಡಿ ತಳ್ಳಿಕೊಂಡು ಗಂಡಸರು ಬರುತ್ತಲೇ ಇದ್ದರು. ಅಮ್ಮ ದೂರದಿಂದ, ಬಂದರಾ ಎಂದು ಕೈಸನ್ನೆಯಲ್ಲೇ ಕೇಳುತ್ತಿದ್ದಳು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ನೀವು ನನ್ನೆದುರೇ ಹಾದುಹೋದರೂ ನನಗೆ ಗುರುತು ಸಿಗದು ಎಂದು ಅವಳಿಗೆ ಹೇಳಲಾಗಲಿಲ್ಲ.