ಬಾವಿಯ ಗಾಳಿ ನೋಡುವ ಯಂತ್ರ

ತುರುವೇಕೆರೆ
೧೨-೪-೧೯೭೯

ಕಂದಿಕೆರೆಯ ಹಾಲಸ್ವಾಮಿ ಭಾವನವರಿಗೆ ಶಾಂತಕುಮಾರಿಯ ನಮಸ್ಕಾರ.

ಬಾವಿಯ ಹೂಳೆತ್ತಿಸಬೇಕು, ನಮ್ಮ ಯಜಮಾನರು ಮಾಡಿದ್ದ ಯಂತ್ರ ಬೇಕು ಎಂದು ಬರೆದಿದ್ದೀರಿ. ಕಳುಹಿಸಿದ್ದೇನೆ. ಕೊಳವೆಯನ್ನು ಬಾವಿಗಿಳಿಸಿ, ವಾಲ್ವ್ ತಿರುಗಿಸಿ ಪಂಪು ಒತ್ತಿ. ಸೀಸೆಯಲ್ಲಿರುವ ಸುಣ್ಣದ ತಿಳಿನೀರು ಬೆಳ್ಳಗಾದರೆ ಒಳಗೆ ಕೆಟ್ಟ ಗಾಳಿಯಿದೆ ಎಂದರ್ಥ. ಯಾರನ್ನೂ ಇಳಿಸಬೇಡಿ.

ಹೋದ ಬೇಸಿಗೆಯಲ್ಲಿ ನಿಮ್ಮ ತೋಟದಲ್ಲೇ ಅದು ಬೆಳ್ಳಗಾಗಿತ್ತು. "ನೀರೆತ್ತಿದ ಇಂಜಿನ್ ಹೊಗೆ ಬಾವೀಲಿ ಇನ್ನೂ ತುಂಬ್ಕೊಂಡೈತೆ ಕಣಣ್ಣ, ನಾಳೆ ಇಳಿಯೋಣ" ಎಂದು ಇವರು ಬೇಡಿಕೊಂಡರು. "ಬಾವಿಗಿಳಿಯೋಕೆ ಹೆದರ್ತೀಯೇನ್ಲಾ? ಆ ಆಟದ ಸಾಮಾನು ಅತ್ಲಾಗಿ ಬಿಸಾಕು" ಎಂದು ಆಳುಗಳ ಮುಂದೆ ನಕ್ಕಿರಿ. ನಾಚಿಕೆಗೆ ಇವರು ಇಳಿದರು. ಹೆಣವಾಗಿ ಮೇಲೆ ಬಂದರು.

ಈ ಸಲ ಇಳಿಯುವವನು ನಿಮ್ಮ ಮಗನೆಂದು ಕೇಳಿದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕೆಲಸ ಮುಗಿದ ಮೇಲೆ ಯಂತ್ರವನ್ನು ಅವನ ಕೈಯಲ್ಲೇ ಕಳುಹಿಸಿಕೊಡಿ. ನೀವು ಬರಬೇಡಿ.

ಇಂತಿ,
ನಿಮ್ಮ ತಮ್ಮನ ಹೆಂಡತಿ