ಮೂರು ಸರದಿಯ ಮೌನ

ಮಾಳಮಡ್ಡಿ, ಧಾರವಾಡ
೧೪ ಜುಲೈ ೨೦೨೫

ಆರತಿ,

ಕ್ಷೇಮವಾಗಿಯೇ ಇರುತ್ತೀ, ಕೇಳುವುದೇನಿದೆ. ನಿನ್ನ ಪತ್ರ ಬಂದು ತಿಂಗಳಾಯಿತು. ತಡವಾದದ್ದಕ್ಕೆ ಕ್ಷಮಿಸು ಎಂದು ಬರೆಯುವುದು ರೂಢಿ, ನಾನು ಬರೆಯುವುದಿಲ್ಲ. ಫೋನಿನಲ್ಲಿ ನಾನು ನಿನ್ನ ನಂಬರಿಗೆ ತಡೆ ಹಾಕಿದ್ದಕ್ಕೆ ಅಂಚೆಯಲ್ಲಿ ಬರೆದಿದ್ದೀ. ಒಂದು ಸಣ್ಣ ಸದ್ದಿನ ಸಲುವಾಗಿ ಎಂಟು ವರ್ಷದ ಗೆಳೆತನ ಬಿಡುತ್ತೀಯಾ ಎಂದು ಕೇಳಿದ್ದೀ. ಆ ಸಣ್ಣ ಸದ್ದು ಈ ಮನೆಯಲ್ಲಿ ಏನು ಮಾಡಿತು ಎಂಬುದನ್ನು ಒಮ್ಮೆ ಹೇಳಿ ಮುಗಿಸುತ್ತೇನೆ.

ನಾವಿಬ್ಬರೂ ಕೂಡಿ ಮಾಡಿದ ಕಂಪ್ಯೂಟರ್ ಆಟದಲ್ಲಿ ಆಯುಧಗಳ ಗುಣಗಳನ್ನು ಗೊತ್ತುಮಾಡಿದವಳು ನಾನು. ಕೋಡ್ ಬರೆದು ಸದ್ದು ಕೂಡಿಸಿದವಳು ನೀನು. ಏಟು ಬೀಳುವುದು ಒಂದೇ ಸಲ, ಗುಣ ಕೆಲಸ ಮಾಡುವುದು ಆಮೇಲೆ. ಬೆಂಕಿಯ ಕತ್ತಿ ತಾಗಿದವನು ಮುಂದಿನ ಎರಡು ಸರದಿಯೂ ಸುಡುತ್ತಿರುತ್ತಾನೆ. ಹಿಮದ ಕೊಡಲಿ ತಾಗಿದವನು ತನ್ನ ಸರದಿ ಬಂದರೂ ಕದಲಲಾರ. ಪ್ರತಿ ಏಟಿಗೂ ಹೀಗಾದರೆ ಎದುರಾಳಿಗೆ ಆಡಲು ಏನೂ ಉಳಿಯುವುದಿಲ್ಲವೆಂದು, ಐದು ಏಟಿನಲ್ಲಿ ಒಂದಕ್ಕೆ ಮಾತ್ರ ಗುಣ ಹತ್ತಲಿ ಎಂದು ಜಗಳಾಡಿಯೇ ಒಪ್ಪಿದೆವು. ಎಂಥ ಗುಣಕ್ಕಾದರೂ ಒಂದು ಕೊನೆ ಇರಲೇಬೇಕು ಎಂಬುದು ಮಾತ್ರ ನನ್ನ ಹಟವಾಗಿತ್ತು.

ಎರಡು ವರ್ಷದ ಹಿಂದೆ ಅವ್ವನಿಗೆ ಲಕ್ವಾ ಹೊಡೆದಾಗ ನೀನು ನಮ್ಮ ಹಿಂದಿನ ಕೋಣೆಯಲ್ಲೇ ಇದ್ದೆ. ಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದ ಅವ್ವ, ಊರಿಗೆಲ್ಲ ಮಾರ್ಥಾ ಅಕ್ಕೋರು, ಚಹಾ ಬೇಕಾದರೆ "ಚ... ಚ... ಅದ..." ಎಂದು ನಿಂತುಬಿಡುತ್ತಿದ್ದರು. ಎಲ್ಲ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಅದನ್ನು ನೋಡಿಯೇ ನಾನು ಮೂಕದಂಡವೆಂಬ ಆಯುಧವನ್ನು ಕಲ್ಪಿಸಿದೆ. ಅದು ತಾಗಿದ ಮಂತ್ರವಾದಿಯ ಶಕ್ತಿ ಕಿಂಚಿತ್ತೂ ಕುಂದುವುದಿಲ್ಲ. ಮಂತ್ರ ಮಾತ್ರ ಮೊದಲ ಅಕ್ಷರದಲ್ಲಿ ಸಿಕ್ಕಿಕೊಳ್ಳುತ್ತದೆ. ಮೂರು ಸರದಿ ಕಳೆದರೆ ದನಿ ಮರಳುತ್ತದೆ. ದನಿ ಮರಳಲೇಬೇಕೆಂದು ಏಕೆ ಹಟ ಹಿಡಿದೆನೆಂದು ನೀನು ಕೇಳಲಿಲ್ಲ. ನಿನಗೆ ಗೊತ್ತಿತ್ತು.

ಏಪ್ರಿಲ್‌ನಲ್ಲಿ ಆಟ ಹೊರಬಂತು. ಮೊದಲ ದಿನವೇ ಪಡಸಾಲೆಯಲ್ಲಿ ಆಡುತ್ತ ಕುಳಿತಿದ್ದೆ. ಪಕ್ಕದಲ್ಲಿ ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನನ್ನ ದಂಡದ ಏಟಿಗೆ ಮಂತ್ರವಾದಿ ಬಾಯಿ ತೆರೆದ. "ಚ... ಚ... ಅದ..." ಅದು ಅವ್ವನ ದನಿ. ಮೂರು ಸರದಿ ಕಳೆದರೂ ನಿಲ್ಲಲಿಲ್ಲ. ಕಾಳಗ ಮುಗಿಯುವವರೆಗೂ ನಡೆಯುವಂತೆ ನೀನು ಬದಲಿಸಿದ್ದೆ. ಅವ್ವ ಪರದೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅದನ್ನು ಮಾಡಿದವಳು ನಾನೇ ಎಂದುಕೊಂಡಳು. ಸೊಪ್ಪನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಮರುದಿನದಿಂದ ಅವ್ವ, ತನಗೆ ಮಾತು ಕಲಿಸಲು ಬರುವ ಸುಮೇಧಾ ಅವರ ಮುಂದೆ ಬಾಯಿ ತೆರೆಯಲಿಲ್ಲ. ಒತ್ತಾಯ ಮಾಡಬೇಡಿ, ತಾನಾಗಿಯೇ ಬರಲಿ ಎಂದು ಅವರು ಹೇಳಿಹೋದರು.

ವಾರದೊಳಗೆ ನಾನು ವಿದ್ಯಾನಗರದ ನಿನ್ನ ಹೊಸ ಮನೆಗೆ ಬಂದೆನಲ್ಲ, ಆಗ ನೀನು ಮೊದಲು ಹೇಳಿದ್ದು ಸುಳ್ಳು. ಆ ಫೈಲಿಗೆ ಬರೀ ನಂಬರು ಇತ್ತು, ಯಾರ ದನಿಯೆಂದು ಗೊತ್ತಿರಲಿಲ್ಲ ಎಂದೆ. ಆರತಿ, ಆ ಧ್ವನಿಮುದ್ರಣ ಮಾಡಿದವಳು ನೀನೇ. ನಾನು ಕೆಲಸಕ್ಕೆ ಹೋದಾಗ, ಸುಮೇಧಾ ಅವರಿಗೆ ಕೇಳಿಸಲೆಂದು, ದಿನಾ ಸಂಜೆ ಅವ್ವನ ಮುಂದೆ ಕುಳಿತು ಫೋನು ಹಿಡಿದವಳು ನೀನು. ಅದನ್ನು ಹೇಳಿದಾಗ ನೀನು ತಲೆ ತಗ್ಗಿಸಲಿಲ್ಲ.

"ನಾ ಮಾಡಿದ್ದ ಯಾವ ಸದ್ದೂ ಖರೇ ಅನಸಲಿಲ್ಲ, ನೀಲಾ. ಇದೊಂದ ಖರೇ ಇತ್ತು. ಆಡೋರು ಎಷ್ಟ ನಗಾಕತ್ತಾರ ನೋಡು."

"ನಗಾಕತ್ತಾರ ಅಂತ ನನಗ ಹೇಳತೀಯಲ್ಲ," ಎಂದೆ. ನೀನು ಇನ್ನೇನಾದರೂ ಅಂದಿದ್ದರೆ ನಾನು ಕೈ ಎತ್ತುತ್ತಿದ್ದೆ. ಎದ್ದು ಬಂದೆ.

ಹೊಸ ಆವೃತ್ತಿಯಲ್ಲಿ ಆ ಸದ್ದು ತೆಗೆದಿದ್ದೇನೆ ಎಂದು ಬರೆದಿದ್ದೀ. ತೆಗೆದದ್ದನ್ನು ನಾನೂ ನೋಡಿದೆ. ಆದರೆ ಅದನ್ನು ಜನ ಹಂಚಿಕೊಂಡ ತುಣುಕುಗಳು ಇನ್ನೂ ಹರಿದಾಡುತ್ತಿವೆ, ಅವನ್ನು ಯಾರು ತೆಗೆಯುತ್ತಾರೆ? ಆಟದಲ್ಲಿ ನನ್ನ ಹೆಸರು ಇರುವುದು ಬೇಡ. ನಿನ್ನ ಪುಸ್ತಕ, ರಗ್ಗು ಎಲ್ಲ ಕಟ್ಟಿಟ್ಟಿದ್ದೇನೆ. ನಿಮ್ಮೂರು ಮುಗದದಿಂದ ನಿಮ್ಮಣ್ಣ ಬಂದರೆ ಒಯ್ಯಲಿ. ನೀನು ಬರಬೇಡ.

ನಿಮ್ಮವ್ವ ಈರವ್ವನವರನ್ನು ದೇವರು ಚೆನ್ನಾಗಿಟ್ಟಿರಲಿ. ಅವರು ಕಳಿಸುತ್ತಿದ್ದ ರೊಟ್ಟಿಯ ಋಣ ನನಗಿದೆ. ನಿನಗಾಗಿ ಅದೇ ಮಾತು ಬರೆಯಲು ಕೈ ಏಳುತ್ತಿಲ್ಲ.

ನೀಲಿಮಾ

ತಾ.ಕ.: ಇದನ್ನು ಬರೆಯಬಾರದೆಂದೇ ಇದ್ದೆ. ನಿನ್ನೆ ಆದಿತ್ಯವಾರ, ಪ್ರಾರ್ಥನೆ ಮುಗಿಸಿ ಬಂದು ಊಟಕ್ಕೆ ಕುಳಿತಾಗ, ಅವ್ವ ಬಾಯಿ ತೆರೆದಳು. ಎರಡು ವರ್ಷದಲ್ಲಿ ಮೊದಲ ಸಲ ಒಂದು ಹೆಸರನ್ನು ತಡವರಿಸದೆ ಪೂರ್ತಿ ಹೇಳಿದಳು. ನನ್ನ ಹೆಸರಲ್ಲ. "ಆರತಿ" ಅಂದಳು. ಹಿಂದಿನ ಕೋಣೆಯ ಬಾಗಿಲು ನೋಡುತ್ತ ಮತ್ತೊಮ್ಮೆ ಅಂದಳು. ನಿನ್ನನ್ನು ಕರೆಯುತ್ತಿದ್ದಾಳೆಂದು ನನಗೆ ಚೆನ್ನಾಗಿ ತಿಳಿಯಿತು. ತಿಳಿಯದವಳಂತೆ ಅವಳ ತಾಟಿಗೆ ಇನ್ನಷ್ಟು ಅನ್ನ ಬಡಿಸಿದೆ.