ಮುತ್ತಜ್ಜಿಯ ಸೂಜಿ

ಮೇಲಿನ ಕೋಣೆಯ ಮುತ್ತಜ್ಜಿಗೆ,

ನಮಸ್ಕಾರ. ಇದನ್ನು ನಿಮ್ಮೆದುರು ನಿಂತು ಹೇಳಲಾರೆ. ಅದಕ್ಕೇ ಊಟದ ತಟ್ಟೆಯ ಕೆಳಗೆ ಈ ಪತ್ರ ಇಟ್ಟಿದ್ದೇನೆ.

ನನಗೀಗ ಐದು ತಿಂಗಳು. ಮನೆಗೊಂದು ಮಗು ಬರಬೇಕಾದರೆ ಹಿರಿಯರೊಬ್ಬರು ಮುಪ್ಪು, ಸಾವು ತಡೆಯುವ ಆಯಸ್ಸಿನ ಸೂಜಿ ಚುಚ್ಚಿಸಿಕೊಳ್ಳುವುದನ್ನು ನಿಲ್ಲಿಸಬೇಕೆಂಬ ನಿಯಮ ನಿಮಗೆ ಗೊತ್ತೇ ಇದೆ. "ನೂರ ಅರವತ್ತು ವರ್ಷ ಸಾಕಾಯ್ತು ಕಣೇ, ನಾನೇ ನಿಲ್ಲಿಸ್ತೀನಿ" ಎಂದು ಎಲ್ಲರೆದುರು ಹೇಳಿದಿರಿ. ಒಪ್ಪಿಗೆಪತ್ರ ಮಾತ್ರ ಇನ್ನೂ ಸಹಿಯಿಲ್ಲದೆ ನಿಮ್ಮ ದಿಂಬಿನಡಿಯಲ್ಲಿದೆ; ಹಾಸಿಗೆ ಕೊಡವುವಾಗ ನೋಡಿದೆ.

"ಅವರದು ಬರೀ ಬಾಯಿಮಾತು. ನೀನು ನನ್ನ ಹೊಟ್ಟೇಲಿದ್ದಾಗಲೂ ಹೀಗೇ ಅಂದಿದ್ರು. ಕೊನೆಗೆ ಹೋಗಿದ್ದು ನಿನ್ನಜ್ಜಿ" ಎಂದು ಅಮ್ಮ ನಕ್ಕಳು. ಒಂದೇ ತಿಂಗಳಲ್ಲಿ ಅವಳ ಕೂದಲು ಬೆಳ್ಳಗಾಗಿದೆ. ಯಾರಿಗೂ ಹೇಳದೆ ತಾನೇ ಸಹಿ ಹಾಕಿ ಸೂಜಿ ನಿಲ್ಲಿಸಿದ್ದಾಳೆ. ಬೇಗ ಬೇರೆಯವರು ಸಹಿ ಹಾಕಿದರೆ ಅವಳಿಗೆ ಮತ್ತೆ ಶುರುಮಾಡಬಹುದಂತೆ.

ದಯವಿಟ್ಟು ಸೋಮವಾರದೊಳಗೆ ಸಹಿ ಮಾಡಿ. ಪೆನ್ನು ತಟ್ಟೆಯ ಪಕ್ಕದಲ್ಲಿದೆ.

ಇನ್ನೊಂದು ವಿಷಯ. ಇಷ್ಟು ವರ್ಷ ನಿಮಗೆ ಸೂಜಿ ಚುಚ್ಚುತ್ತಿದ್ದ ಅಮ್ಮನ ಕೈ ಈಗ ನಡುಗುತ್ತದೆ. ಹಾಗಾಗಿ ಸಹಿಯಾಗದಿದ್ದರೆ ಮಂಗಳವಾರ ಸೂಜಿ ಹಿಡಿದು ನಾನೇ ಮೇಲೆ ಬರುತ್ತೇನೆ.

ಇಂತಿ,
ನಿಮ್ಮ ಕೈಯಲ್ಲೇ ಬೆಳೆದ ಮರಿಮಗಳು